ಖಾನಾವಳಿ ಅಕ್ಕನ ಎಡ ಭುಜ: ವಿಜಯಪುರದ ಒಂದು ಪ್ರಕರಣ

ವಯಸ್ಸು 52. ವಿಜಯಪುರದಲ್ಲಿ ಮನೆಯ ಮುಂದಿನ ಖೋಲಿಯಲ್ಲೇ ಪುಟ್ಟ ಖಾನಾವಳಿ ನಡೆಸುವ ಹೆಣ್ಣುಮಗಳು. ಎರಡು ಹೊತ್ತೂ ಜೋಳದ ರೊಟ್ಟಿ ಬಡಿಯಬೇಕು, ಮದುವೆ ಸೀಜನ್ ಬಂದರೆ ಖಡಕ್ ರೊಟ್ಟಿಯ ಆರ್ಡರ್ ಬೇರೆ. ನನ್ನ ಹತ್ತಿರ ಬಂದಾಗ ಎಡ ಭುಜದ ನೋವು ಶುರುವಾಗಿ ಸುಮಾರು ಐದು ತಿಂಗಳಾಗಿತ್ತು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ, ಭಾರ ಎತ್ತಿ ಉಳುಕಿಯೂ ಇರಲಿಲ್ಲ. ಸುಮ್ನೆ ಒಂದು ದಿನ ಸೆರಗು ಹಿಂದಕ್ಕೆ ಸಿಗಿಸಲು ಹೋದಾಗ ಚುರ್ ಅಂದಿದೆ. ಆಮೇಲೆ ಅದು ಹೋಗಲೇ ಇಲ್ಲ.

ನಾನು ಫಿಸಿಯೋಥೆರಪಿಸ್ಟ್. ಇವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ, ಕ್ಲಿನಿಕ್ಕಿನಲ್ಲೂ ಹಾಗೇ ಕರೆಯುವುದು.

"ಮೇಡಂರ, ಕೈ ಮ್ಯಾಲ ಏಳವಲ್ದ್ರಿ. ರಾತ್ರಿ ಆ ಮಗ್ಗಲಾ ಮಲಗಾಕ ಆಗವಲ್ದು, ನಿದ್ದಿನ ಹತ್ತವಲ್ದು. ತುರುಬು ಕಟ್ಟಾಕ ಮಗಳನ್ನ ಕರೀಬೇಕು" ಅಂದರು. ಕೂತ ರೀತಿಯೇ ಅರ್ಧ ಹೇಳುತ್ತಿತ್ತು. ಎಡಗೈ ಹೊಟ್ಟೆಗೆ ಒತ್ತಿಕೊಂಡಿತ್ತು, ಬಲಗೈ ಎಡ ಮೊಣಕೈಯನ್ನು ಹಿಡಿದಿತ್ತು. ಮಗಳು ಪಕ್ಕದಲ್ಲಿ ಒಂದು ಚೀಲ ಹಿಡಿದು ಕೂತಿದ್ದಳು. ಅದರ ತುಂಬ ಚೀಟಿ, ಎಕ್ಸ್‌ರೇ, ಅರ್ಧ ಖಾಲಿಯಾದ ಮಾತ್ರೆ ಪಟ್ಟಿ.

ಐದು ತಿಂಗಳಲ್ಲಿ ಏನೇನು ಆಗಿತ್ತು ಅನ್ನುವುದು ನಮ್ಮ ಕಡೆಯ ಯಾವ ಮನೆಯಲ್ಲಾದರೂ ಆಗುವಂಥದ್ದೇ. ಮೊದಲು "ವಾಯು ಹಿಡಿದೈತಿ" ಅಂತ ಎಣ್ಣೆ ಕಾಯಿಸಿ ತಿಕ್ಕಿದ್ದಾರೆ. ಬದನೆಕಾಯಿ ಬಿಡಿಸಿದ್ದಾರೆ, ಪಾಪ, ಎಣಗಾಯಿ ಮಾಡಿ ಊರಿಗೆಲ್ಲ ಬಡಿಸುವವರಿಗೆ ತಾವು ತಿನ್ನುವ ಹಾಗಿಲ್ಲ. ಮೆಡಿಕಲ್ ಅಂಗಡಿಯಿಂದ ಹೆಸರು ಹೇಳಿ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದಾರೆ. ಒಂದು ಕಡೆ ಕುತ್ತಿಗೆಯ ಎಕ್ಸ್‌ರೇ ತೆಗೆಸಿ "ಕುತ್ತಿಗೆ ಸವೆದಿದೆ" ಅಂತ ಪಟ್ಟಿ ಹಾಕಿಸಿದ್ದಾರೆ. ಕೊನೆಗೆ ಯಾರೋ ಹೇಳಿದರು ಅಂತ ಒಂದು ಹಳ್ಳಿಗೆ ಹೋಗಿ ಕೈ ಜಗ್ಗಿಸಿಕೊಂಡು ಬಂದಿದ್ದಾರೆ. ಅಲ್ಲಿ ಇವರನ್ನು ನೆಲದ ಮೇಲೆ ಮಲಗಿಸಿ, ಬಗಲಿಗೆ ಕಾಲು ಕೊಟ್ಟು, ಕೈಯನ್ನು ಎಳೆದರಂತೆ. ಅವತ್ತಿನಿಂದ ನೋವು ಎರಡು ಪಟ್ಟು. ಅದಕ್ಕೇ ನನ್ನ ಮುಂದೆ ಕೂತಾಗ ಮೊದಲ ಷರತ್ತು ಇದು: "ಕೈ ಜಗ್ಗಬ್ಯಾಡ್ರಿ."

ಜಗ್ಗುವುದಿಲ್ಲ ಅಂತ ಮಾತು ಕೊಟ್ಟೇ ನೋಡಿದೆ.

ಕೈ ಮುಂದಿನಿಂದ ಮೇಲೆತ್ತಲು ಹೇಳಿದರೆ 85 ಡಿಗ್ರಿ. ಅಂದರೆ ನೆಲಕ್ಕೆ ಸಮಾನಾಂತರವೂ ಪೂರ್ತಿ ಆಗಲಿಲ್ಲ. ಪಕ್ಕದಿಂದ ಎತ್ತಿದರೆ 60. ಅದೂ ಕೈ ಏಳುವ ಬದಲು ಭುಜವೇ ಕಿವಿಯ ಕಡೆ ಎದ್ದು ಬರುತ್ತಿತ್ತು. ಮೊಣಕೈ ಪಕ್ಕೆಗೆ ಅಂಟಿಸಿ, ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಅಂದರೆ ಬಲಗಡೆ 70 ಡಿಗ್ರಿ ಸಲೀಸಾಗಿ ಹೋಯಿತು, ಎಡಗಡೆ 10ಕ್ಕೆ ನಿಂತಿತು. ಬೆನ್ನ ಹಿಂದೆ ಕೈ ಒಯ್ಯಲು ಹೇಳಿದರೆ ಬಲಗೈ ಬೆನ್ನಿನ ನಡುವಿಗೆ ಮುಟ್ಟಿತು, ಎಡಗೈ ಸೊಂಟದ ಪಕ್ಕಕ್ಕೇ ಮುಗಿಯಿತು.

ಮುಖ್ಯವಾದದ್ದು ಇದರ ನಂತರದ ಹೆಜ್ಜೆ. ರೋಗಿ ತಾವಾಗಿ ಎತ್ತಲಾಗದ ಕೈಯನ್ನು ನಾನು ಹಿಡಿದು ಮೆಲ್ಲಗೆ ಎತ್ತಿದರೆ ಏನಾಗುತ್ತದೆ? ಭುಜದ ಸ್ನಾಯು ಹರಿದಿದ್ದರೆ ರೋಗಿಗೆ ಸ್ವಂತ ಬಲದಿಂದ ಎತ್ತಲು ಆಗುವುದಿಲ್ಲ, ಆದರೆ ನಾನು ಎತ್ತಿದರೆ ಕೈ ಸಾಮಾನ್ಯವಾಗಿ ಹೋಗುತ್ತದೆ, ಯಾಕಂದರೆ ಕೀಲು ಬಿಗಿದಿಲ್ಲ, ಎಳೆಯುವ ಹಗ್ಗ ಮಾತ್ರ ಹೋಗಿದೆ. ಅಕ್ಕನ ಕೈ ನಾನು ಎತ್ತಿದರೂ 90ರ ಹತ್ತಿರ ಗಟ್ಟಿಯಾಗಿ ನಿಂತುಬಿಟ್ಟಿತು. ಹೊರಕ್ಕೆ ತಿರುಗಿಸುವುದೂ ಅಷ್ಟೇ. ತಾನಾಗಿ ಮಾಡಿದರೂ ಹೋಗದು, ಬೇರೆಯವರು ಮಾಡಿದರೂ ಹೋಗದು, ಅದರಲ್ಲೂ ಹೊರತಿರುಗು ಎಲ್ಲಕ್ಕಿಂತ ಜಾಸ್ತಿ ಹೋಗಿದೆ. ಈ ಮೂರು ಒಟ್ಟಿಗೆ ಸಿಕ್ಕರೆ ತಲೆಯಲ್ಲಿ ಮೊದಲು ಬರುವ ಹೆಸರು ಫ್ರೋಜನ್ ಶೋಲ್ಡರ್. ಭುಜ ಹಿಡಿದುಕೊಳ್ಳುವುದು ಅಂತ ನಮ್ಮ ಜನ ಹೇಳುವುದು ಬಹಳ ಸಲ ಇದನ್ನೇ.

ಇದು ಅರ್ಥವಾಗಬೇಕಾದರೆ ಭುಜದ ಕೀಲು ಹೇಗಿದೆ ಅಂತ ಸ್ವಲ್ಪ ನೋಡಬೇಕು.

ಮೈಯಲ್ಲಿ ಎಲ್ಲ ಕೀಲುಗಳೂ ಒಂದೇ ಥರ ಇಲ್ಲ. ದೊಡ್ಡವರ ತಲೆಬುರುಡೆಯ ಎಲುಬುಗಳ ನಡುವಿನ ಸೇರಿಕೆ ಅಲ್ಲಾಡುವುದೇ ಇಲ್ಲ ಅನ್ನಬಹುದು. ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್ ಇದೆ, ಅಲ್ಲಿ ಚಲನೆ ಚೂರು ಚೂರು. ಮೊಣಕಾಲು, ಸೊಂಟ, ಭುಜ, ಬೆರಳುಗಳಂಥವು ಮೂರನೇ ಗುಂಪು. ಇವುಗಳಲ್ಲಿ ಎಲುಬಿನ ತುದಿಗೆ ನುಣುಪಾದ ಕಾರ್ಟಿಲೇಜ್ ಹೊದಿಕೆ ಇರುತ್ತದೆ, ಸುತ್ತ ಒಂದು ಚೀಲ ಇರುತ್ತದೆ, ಚೀಲದ ಒಳಪದರ ಲೋಳೆಯಂಥ ದ್ರವ ಸುರಿಸುತ್ತದೆ. ಕಾರ್ಟಿಲೇಜಿಗೆ ತನ್ನದೇ ರಕ್ತನಾಳ ಇಲ್ಲ. ಅದಕ್ಕೆ ಊಟ ಬರುವುದು ಬಹುಮಟ್ಟಿಗೆ ಈ ದ್ರವದಿಂದಲೇ, ಆ ದ್ರವ ಓಡಾಡುವುದು ಕೀಲು ಅಲ್ಲಾಡಿದಾಗ. ನೋವಿಗೆ ಹೆದರಿ ಕೀಲನ್ನು ತಿಂಗಳುಗಟ್ಟಲೆ ಕಟ್ಟಿ ಹಾಕಿದರೆ ಏನಾಗಬಹುದು ಅಂತ ಇಲ್ಲಿಂದಲೇ ಊಹಿಸಬಹುದು, ಅಲ್ವಾ?

ಈ ಗುಂಪಿನಲ್ಲಿ ಭುಜ ಸ್ವಲ್ಪ ವಿಚಿತ್ರ. ಸೊಂಟದ ಕೀಲಿನಲ್ಲಿ ತೊಡೆ ಎಲುಬಿನ ಗುಂಡು ಆಳವಾದ ಗುಳಿಯೊಳಗೆ ಕೂತಿರುತ್ತದೆ, ಸುಲಭಕ್ಕೆ ಕಳಚುವುದಿಲ್ಲ. ಭುಜದ ಗುಳಿ ಅಷ್ಟು ಆಳ ಇಲ್ಲ. ತೋಳಿನ ಎಲುಬಿನ ಗುಂಡಿನಲ್ಲಿ ಒಂದು ಹೊತ್ತಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಗುಳಿಗೆ ತಾಗಿರುತ್ತದೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ಹೋಗುತ್ತದೆ, ಅದಕ್ಕೇ ಭುಜ ಬೇಗ ಜಾರುತ್ತದೆ ಕೂಡ. ಎಲುಬು ಕೊಡದ ಭದ್ರತೆಯನ್ನು ಕೊಡುವುದು ಗುಳಿಯ ಅಂಚಿನ ಉಂಗುರ, ಎಲುಬಿಗೆ ಎಲುಬು ಕಟ್ಟುವ ಪಟ್ಟಿಗಳು ಅಂದರೆ ಲಿಗಮೆಂಟುಗಳು, ಸುತ್ತಲಿನ ಚೀಲ, ಮತ್ತೆ ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳು. ಕೈ ಪೂರ್ತಿ 180 ಡಿಗ್ರಿ ಮೇಲೇಳುವಾಗ ಅದರಲ್ಲಿ ಸುಮಾರು 120 ಈ ಗುಂಡು-ಗುಳಿಯದ್ದು, ಉಳಿದ 60 ಬೆನ್ನ ಮೇಲಿನ ಹಲಗೆ ಎಲುಬು ಪಕ್ಕೆಲುಬಿನ ಮೇಲೆ ಜಾರುವುದರಿಂದ ಬರುತ್ತದೆ. ಅಕ್ಕನ ಭುಜ ಕಿವಿಯ ಕಡೆ ಎದ್ದು ಬರುತ್ತಿತ್ತಲ್ಲ, ಅದು ಇದೇ. ಗುಂಡು ಬಹುಮಟ್ಟಿಗೆ ಕೆಲಸ ನಿಲ್ಲಿಸಿತ್ತು, ಹಲಗೆ ಎಲುಬೇ ಹೆಚ್ಚು ದುಡಿಯುತ್ತಿತ್ತು.

ಇನ್ನು ಆ ಚೀಲ. ಖಣದ ಕುಪ್ಪಸ ಹೊಲಿಯುವ ದರ್ಜಿ ಬಗಲಲ್ಲಿ ಸ್ವಲ್ಪ ಬಟ್ಟೆ ಸಡಿಲ ಬಿಡುತ್ತಾನೆ. ಬಿಡದಿದ್ದರೆ ಕೈ ಎತ್ತಿದ ಕೂಡಲೇ ಬಗಲು ಹಿಡಿಯುತ್ತದೆ. ಭುಜದ ಚೀಲಕ್ಕೂ ಕೆಳಗಡೆ, ಬಗಲಿನ ಕಡೆ, ಹೀಗೇ ಒಂದು ಸಡಿಲ ಮಡಿಕೆ ಇದೆ. ಫ್ರೋಜನ್ ಶೋಲ್ಡರಿನಲ್ಲಿ ಚೀಲದ ಒಳಪದರಕ್ಕೆ ಮೊದಲು ಉರಿಯೂತ ಬರುತ್ತದೆ, ಆಮೇಲೆ ಚೀಲ ದಪ್ಪಗಾಗಿ ಗಾಯದ ಕಲೆಯಂತೆ ಬಿಗಿಯುತ್ತದೆ, ಮಡಿಕೆ ಹೋಗಿಬಿಡುತ್ತದೆ. ಮುಂಭಾಗದಲ್ಲಿರುವ ಒಂದು ಲಿಗಮೆಂಟ್ ಮೊಟಕಾಗುತ್ತದೆ, ಅದೇ ಹೊರತಿರುಗನ್ನು ತಡೆಯುವುದು. ಆರೋಗ್ಯವಂತ ಭುಜದ ಚೀಲದಲ್ಲಿ 20 ಮಿ.ಲೀ.ಗಿಂತ ಜಾಸ್ತಿ ದ್ರವ ಹಿಡಿಸಬಹುದು. ಈ ರೋಗದಲ್ಲಿ ಅದು 10 ಮಿ.ಲೀ.ಗಿಂತ ಕೆಳಗೆ ಇಳಿಯುವುದುಂಟು. ಎಲುಬಿಗೆ ಏನೂ ಆಗಿರುವುದಿಲ್ಲ. ಅದಕ್ಕೇ ಎಕ್ಸ್‌ರೇ ನೋಡಿ "ನಾರ್ಮಲ್ ಐತಿ, ಹೋಗ್ರಿ" ಅಂತ ಕಳಿಸಿದರೆ ರೋಗಿಗೆ ಸಿಟ್ಟು ಬರುವುದು ಸಹಜ.

ವೈದ್ಯರಿಗೆ ಇದು ಹೊಸದೇನಲ್ಲ. ಫ್ರಾನ್ಸಿನ ಡ್ಯೂಪ್ಲೇ 1872ರಲ್ಲೇ ಇಂಥ ಭುಜಗಳ ಬಗ್ಗೆ ಬರೆದಿದ್ದರು. ಫ್ರೋಜನ್ ಶೋಲ್ಡರ್ ಅನ್ನುವ ಹೆಸರು ಕೊಟ್ಟವರು ಅಮೆರಿಕದ ಕಾಡ್‌ಮನ್, 1934ರಲ್ಲಿ. ಚೀಲವೇ ಮುಖ್ಯ ಆರೋಪಿ ಅಂತ ತೋರಿಸಿದವರು ನೆವಿಯಾಸರ್, 1945ರಲ್ಲಿ. ಆದರೂ ಯಾಕೆ ಬರುತ್ತದೆ ಅನ್ನುವುದಕ್ಕೆ ಪೂರ್ತಿ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಯಾರಿಗೆ ಬರುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಬಹುಪಾಲು 40ರಿಂದ 60ರ ನಡುವಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಥೈರಾಯ್ಡ್ ತೊಂದರೆ ಇದ್ದವರಿಗೆ ಜಾಸ್ತಿ, ಎಲ್ಲಕ್ಕಿಂತ ಮುಖ್ಯವಾಗಿ ಸಕ್ಕರೆ ಕಾಯಿಲೆ ಇದ್ದವರಿಗೆ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿ ಅಂತ ಪುಸ್ತಕಗಳು ಹೇಳುತ್ತವೆ. ಶುಗರ್ ಇದ್ದವರಲ್ಲಿ 10ರಿಂದ 20.

ಹೆಸರು ಹೊಳೆದ ಕೂಡಲೇ ಅದನ್ನೇ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಎಡ ಭುಜ, 52 ವಯಸ್ಸು. ಮೊದಲ ಪ್ರಶ್ನೆ ಹೃದಯದ್ದು. ಮೆಟ್ಟಿಲು ಹತ್ತಿದಾಗ, ನಡೆದಾಗ ನೋವು ಏರುತ್ತದಾ, ಎದೆ ಬಿಗಿಯುತ್ತದಾ, ಬೆವರು ಬರುತ್ತದಾ? ಇಲ್ಲ. ಕೈ ಅಲ್ಲಾಡಿಸಿದಾಗ ಮಾತ್ರ ನೋವು, ನಡೆದಾಗ ಇಲ್ಲ. ಆದರೂ ಇಸಿಜಿ ಮಾಡಿಸಲು ಹೇಳಿದೆ, ಅದು ಸರಿ ಇತ್ತು. ಕುತ್ತಿಗೆಯಿಂದ ಬರುವ ನೋವಾಗಿದ್ದರೆ ಕುತ್ತಿಗೆ ತಿರುಗಿಸಿದಾಗ ಏರಬೇಕು, ಬೆರಳವರೆಗೆ ಜುಮ್ ಅನ್ನಬೇಕು. ಅದೂ ಇರಲಿಲ್ಲ. ಐವತ್ತು ದಾಟಿದವರ ಕುತ್ತಿಗೆ ಎಕ್ಸ್‌ರೇ ತೆಗೆದರೆ ಸವೆತ ಕಾಣುವುದು ಮಾಮೂಲು, ಅದನ್ನು ನೋಡಿ ಭುಜದ ನೋವನ್ನೂ ಕುತ್ತಿಗೆಯ ಲೆಕ್ಕಕ್ಕೆ ಬರೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಸಂಧಿವಾತ, ಅಂದರೆ ರುಮಟಾಯ್ಡ್ ಆಗಿದ್ದರೆ ಎರಡೂ ಕೈಯ ಸಣ್ಣ ಕೀಲುಗಳು ಊದಬೇಕು, ಬೆಳಗ್ಗೆ ಎದ್ದಾಗಿನ ಬಿಗಿತ ತಾಸುಗಟ್ಟಲೆ ಇರಬೇಕು. ಊತ ಇರಲಿಲ್ಲ. ಕೀಲಿನೊಳಗೆ ಸೋಂಕು ಹೊಕ್ಕಿದ್ದರೆ ಜ್ವರ ಬಂದು ಕೀಲು ಬಿಸಿಯಾಗಿ ಕೆಂಪಾಗುತ್ತದೆ. ಅದು ಅವತ್ತೇ ಆಸ್ಪತ್ರೆಗೆ ಓಡಬೇಕಾದ ವಿಷಯ, ಇಲ್ಲಿ ಅದರ ಸುಳಿವಿಲ್ಲ. ಉಳಿದದ್ದು ಭುಜದ ಸವೆತ, ಮತ್ತೆ ಹಿಂದಕ್ಕೆ ಜಾರಿ ಸಿಕ್ಕಿಕೊಂಡ ಭುಜ. ಫಿಟ್ಸ್ ಬಂದವರಲ್ಲಿ, ಕರೆಂಟ್ ಹೊಡೆದವರಲ್ಲಿ ಹೀಗೆ ಜಾರಿ ಹೊರತಿರುಗು ಪೂರ್ತಿ ನಿಂತಿರುತ್ತದೆ, ಗೊತ್ತೇ ಆಗುವುದಿಲ್ಲ. ಈ ಎರಡನ್ನೂ ಹೊರಗಿಡಲು ಭುಜದ ಎಕ್ಸ್‌ರೇ ಬೇಕೇ ಬೇಕು. ಅಷ್ಟು ಚೀಟಿಗಳ ನಡುವೆ ಕುತ್ತಿಗೆಯ ಎಕ್ಸ್‌ರೇ ಇತ್ತು, ಭುಜದ್ದೇ ಇರಲಿಲ್ಲ. ತೆಗೆಸಿದೆವು, ಏನೂ ಇರಲಿಲ್ಲ.

ಇಲ್ಲಿಗೆ ಭುಜದ ಕಥೆ ಮುಗಿದಂತೆ. ಆದರೆ ಮಾತಿನ ನಡುವೆ ಅಕ್ಕ ಇನ್ನೊಂದು ಹೇಳಿದ್ದರು. ಇತ್ತೀಚೆಗೆ ರೊಟ್ಟಿ ಮೊದಲಿನಂತೆ ಆಗುತ್ತಿಲ್ಲವಂತೆ. ಅಂಚು ತೆಳ್ಳಗೆ ಬಂದರೆ ನಡುವೆ ದಪ್ಪ, ನಡುವೆ ಸರಿ ಮಾಡಲು ಹೋದರೆ ಹರಿಯುತ್ತದೆ. "ಹಳೇ ಜ್ವಾಳರಿ, ಹಿಟ್ಟಿಗೆ ಜಿಗಿನ ಇಲ್ಲ" ಅಂತ ಗಿರಣಿಯವನ ಜೊತೆ ಜಗಳ ಕೂಡ ಆಡಿದ್ದರು. ಬೇರೆ ಜೋಳ ತಂದರು, ಎಸರು ಜಾಸ್ತಿ ಕುದಿಸಿ ಹಿಟ್ಟು ನಾದಿದರು, ಆದರೂ ಅದೇ ಕಥೆ.

ರೊಟ್ಟಿ ಬಡಿಯುವವರ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಅಂಗೈ ಮತ್ತು ಬೆರಳು ಒಟ್ಟಿಗೆ, ಚಪ್ಪಟೆಯಾಗಿ, ಒಂದೇ ಸಲ ಹಿಟ್ಟಿನ ಮೇಲೆ ಬೀಳಬೇಕು. ಬೆರಳು ಚೂರು ಮಡಚಿದ್ದರೂ ಬೆರಳ ತುದಿಯ ಗುಂಡಿ ಬೀಳುತ್ತದೆ. "ನಮಸ್ಕಾರ ಮಾಡ್ರಿ ಅಕ್ಕಾರ" ಅಂದೆ. ಎಡ ಮೊಣಕೈ ಕೆಳಗೆ ದಿಂಬು ಕೊಟ್ಟು, ನೋವಾಗದಷ್ಟು ಮಾತ್ರ ಎತ್ತಿಸಿ, ಎದೆಯ ಮುಂದೆ ಎರಡೂ ಕೈ ಜೋಡಿಸಿದರು. ಅಂಗೈಯ ಬುಡ ಕೂಡಿತು, ಬೆರಳ ತುದಿ ಕೂಡಿತು, ನಡುವೆ ಕಿರುಬೆರಳು ಉಂಗುರದ ಬೆರಳುಗಳ ಹತ್ತಿರ ಕಿಟಕಿಯಷ್ಟು ಸಂದು ಉಳಿಯಿತು. ಒತ್ತಿ ಅಂದೆ. ಒತ್ತಿದರೂ ಸಂದು ಮುಚ್ಚಲಿಲ್ಲ. ಮೇಜಿನ ಮೇಲೆ ಅಂಗೈ ಊರಿಸಿದರೂ ಬೆರಳುಗಳ ಕೆಳಗೆ ಪೆನ್ ತೂರಿಸುವಷ್ಟು ಜಾಗ. ನೋವು ಮಾತ್ರ ಇಲ್ಲ. ನೋವಿಲ್ಲದ್ದಕ್ಕೇ ಅವರ ಗಮನಕ್ಕೆ ಬಂದಿರಲಿಲ್ಲ.

ವೈದ್ಯಕೀಯ ಪುಸ್ತಕಗಳಲ್ಲಿ ಇದನ್ನು ಪ್ರೇಯರ್ ಸೈನ್ ಅನ್ನುತ್ತಾರೆ. ತುಂಬ ದಿನ ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ಅದು ಕೊಲ್ಲಾಜೆನ್ ಅನ್ನುವ ನಾರುಗಳಿಗೆ ಅಂಟಿಕೊಂಡು, ಒಂದು ನಾರಿಗೂ ಇನ್ನೊಂದಕ್ಕೂ ನಡುವೆ ಅಡ್ಡ ಕೊಂಡಿ ಹಾಕಿಬಿಡುತ್ತದೆ. ಚರ್ಮ, ಸ್ನಾಯುತಂತು, ಕೀಲಿನ ಚೀಲ ಎಲ್ಲದರಲ್ಲೂ ಇರುವುದು ಕೊಲ್ಲಾಜೆನ್ನೇ. ಅವು ತಮ್ಮ ಸಡಿಲ ಕಳೆದುಕೊಳ್ಳುತ್ತವೆ. ಬೆರಳು ಚಾಚುವುದಿಲ್ಲ, ಕೆಲವರಿಗೆ ಬೆರಳು ಮಡಚಿದಾಗ ಟಕ್ ಅಂತ ಸಿಕ್ಕಿಕೊಳ್ಳುತ್ತದೆ, ಕೆಲವರಿಗೆ ಭುಜ ಹಿಡಿಯುತ್ತದೆ. ಅಕ್ಕನ ಭುಜ ಮತ್ತು ರೊಟ್ಟಿಯ ಗುಂಡಿ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

"ಶುಗರ್ ಟೆಸ್ಟ್ ಮಾಡಿಸೇರೇನ್ರಿ?" ಅಂತ ಕೇಳಿದೆ.

"ನನಗ್ಯಾಕ ಸಕ್ರಿ ಬ್ಯಾನಿ ಬರ್ತೈತ್ರಿ? ಸಿಹಿ ಮುಟ್ಟಂಗಿಲ್ಲ, ದಿನಾ ಜ್ವಾಳದ ರೊಟ್ಟಿನ ತಿಂತೀನಿ" ಅಂದರು. ಮಗಳು ಮೆಲ್ಲಗೆ ಸೇರಿಸಿದಳು, ರಾತ್ರಿ ಪದೇ ಪದೇ ಏಳುತ್ತಾರೆ ಅಂತ. ನೋವಿಗೆ ಏಳುತ್ತಾರೆ ಅಂದುಕೊಂಡಿದ್ದರು. ಮೂತ್ರಕ್ಕೂ ಏಳುತ್ತಿದ್ದರು.

ಖಾಲಿ ಹೊಟ್ಟೆಯ ಶುಗರ್ 188 ಬಂತು. 126 ದಾಟಿದರೆ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಶೇಕಡ, ಅದಕ್ಕೆ ಗಡಿ 6.5. ಥೈರಾಯ್ಡ್ ಸರಿ ಇತ್ತು. ಫಿಜಿಷಿಯನ್ ಮಾತ್ರೆ ಶುರು ಮಾಡಿದರು, ಕಣ್ಣಿನ ಪರದೆ ಮತ್ತು ಕಿಡ್ನಿಯ ಪರೀಕ್ಷೆಗೂ ಕಳಿಸಿದರು. ತಿಂಗಳುಗಟ್ಟಲೆ ಕೇಳದೆ ನುಂಗಿದ ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ, ಶುಗರ್ ಇದ್ದವರಿಗಂತೂ ಇನ್ನೂ ಅಲ್ಲ. ಪುಣ್ಯಕ್ಕೆ ಕಿಡ್ನಿ ಚೆನ್ನಾಗಿತ್ತು. ಆ ಮಾತ್ರೆ ಪಟ್ಟಿಗಳನ್ನು ಚೀಲದಿಂದ ತೆಗೆಸಿದೆವು.

ಜೋಳದ ರೊಟ್ಟಿಯ ಮಾತು ಇಲ್ಲೇ ಮುಗಿಸುತ್ತೇನೆ, ಯಾಕಂದರೆ ನಮ್ಮ ಜಿಲ್ಲೆಯಲ್ಲಿ ಇದು ಬಹಳ ಗಟ್ಟಿ ನಂಬಿಕೆ. ಜೋಳದಲ್ಲಿ ನಾರು ಜಾಸ್ತಿ, ನಿಜ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಸಿಗುತ್ತದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಎಷ್ಟೋ ಮೇಲು. ಆದರೆ ಅದೇ ನೂರು ಗ್ರಾಂನಲ್ಲಿ ಪಿಷ್ಟ ಸಕ್ಕರೆ ಸೇರಿ 70 ಗ್ರಾಂ ಹತ್ತಿರ ಇದೆ. ಅಕ್ಕ ಗಿರಾಕಿಗಳೆಲ್ಲ ಉಂಡ ಮೇಲೆ ಮಧ್ಯಾಹ್ನ ಮೂರೂವರೆಗೆ ಕೂತು, ಹಸಿದ ಹೊಟ್ಟೆಗೆ ನಾಲ್ಕೈದು ರೊಟ್ಟಿ ಒಂದೇ ಸಲ ತಿನ್ನುತ್ತಿದ್ದರು, ಕಾಳುಪಲ್ಲೆ ಉಳಿದರೆ ಉಂಟು, ಇಲ್ಲದಿದ್ದರೆ ಚಟ್ನಿ. ನಡುನಡುವೆ ಸಕ್ಕರೆ ಹಾಕಿದ ಚಹಾ ಲೆಕ್ಕಕ್ಕಿಲ್ಲ. ರೊಟ್ಟಿ ಬಿಡಿ ಅಂತ ಯಾರೂ ಹೇಳಲಿಲ್ಲ. ಊಟದ ಹೊತ್ತನ್ನು ಬೇಗ ಮಾಡಿಕೊಂಡರು, ರೊಟ್ಟಿ ಎರಡಕ್ಕೆ ಇಳಿಯಿತು, ಕಾಳುಪಲ್ಲೆ ತಮಗೆ ಅಂತ ಮೊದಲೇ ತೆಗೆದಿಡಲು ಶುರು ಮಾಡಿದರು, ಮೊಸರು, ಹಸಿ ಮೂಲಂಗಿ, ಮೆಂತ್ಯ ಸೊಪ್ಪು ಹೇಗೂ ಮನೆಯಲ್ಲೇ ಇತ್ತು. ಬದನೆಕಾಯಿ ವಾಪಸ್ ಬಂತು.

ಚಿಕಿತ್ಸೆಗೆ ಬರೋಣ. ಈ ರೋಗಕ್ಕೆ ಮೂರು ಹಂತ ಹೇಳುತ್ತಾರೆ. ಮೊದಲು ನೋವಿನ ಹಂತ, ನೋವೂ ಇದೆ, ಬಿಗಿತ ಏರುತ್ತಿದೆ. ಆಮೇಲೆ ಬಿಗಿತದ ಹಂತ, ನೋವು ಕಮ್ಮಿ, ಕೈ ಮಾತ್ರ ಅಲ್ಲಾಡುವುದಿಲ್ಲ. ಕೊನೆಗೆ ಸಡಿಲಾಗುವ ಹಂತ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. "ತಾನಾಗೇ ಹೋಗುತ್ತದೆ" ಅಂತ ಹೇಳುವವರಿದ್ದಾರೆ. ಬಹಳ ಜನರಿಗೆ ಬಹುಮಟ್ಟಿಗೆ ಹೋಗುತ್ತದೆ ಕೂಡ, ಆದರೆ ಪೂರ್ತಿ ಹೋಗದೆ ಚೂರು ಬಿಗಿತ ಉಳಿಸಿಕೊಂಡವರೂ ಕಡಿಮೆ ಇಲ್ಲ, ಶುಗರ್ ಇದ್ದವರಲ್ಲಿ ಅದು ಜಾಸ್ತಿ. ಅಕ್ಕ ಇದ್ದದ್ದು ಮೊದಲ ಹಂತದ ಕೊನೆಯಲ್ಲಿ. ನೋವು ಇನ್ನೂ ಜೋರಾಗಿತ್ತು.

ನೋವಿನ ಹಂತದಲ್ಲಿ ಜಗ್ಗಿದರೆ ಉರಿಯುತ್ತಿರುವ ಚೀಲವನ್ನು ಇನ್ನಷ್ಟು ಕೆರಳಿಸಿದಂತೆ. ಹಳ್ಳಿಯಲ್ಲಿ ಕಾಲು ಕೊಟ್ಟು ಎಳೆದದ್ದು ಮಾತ್ರ ತಪ್ಪು ಅಂತಲ್ಲ. ಫಿಸಿಯೋಥೆರಪಿ ಹೆಸರಿನಲ್ಲಿ ರೋಗಿ ಕಿರುಚುವವರೆಗೆ ಕೈ ತಿರುಚುವವರೂ ಇದ್ದಾರೆ, ನಮ್ಮ ವೃತ್ತಿಯವರೇ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 77 ಮಂದಿಯ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ನೋವು ಮೀರಿ ಜೋರಾಗಿ ಜಗ್ಗಿಸಿಕೊಂಡವರಿಗಿಂತ ನೋವಿನ ಗಡಿಯೊಳಗೇ ಮೆಲ್ಲಗೆ ಕೈ ಆಡಿಸಿದವರು ಎರಡು ವರ್ಷದ ಹೊತ್ತಿಗೆ ಚೆನ್ನಾಗಿದ್ದರು. ಇದನ್ನು ನಾನು ರೋಗಿಗಳಿಗೆ ಪದೇ ಪದೇ ಹೇಳುತ್ತೇನೆ, ಯಾಕಂದರೆ ನೋವು ಕೊಟ್ಟರೇ ಔಷಧ ಅನ್ನುವ ನಂಬಿಕೆ ಅವರಲ್ಲೂ ಇರುತ್ತದೆ.

ಆರ್ಥೋಪೆಡಿಕ್ ಡಾಕ್ಟರ್ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಸಲಹೆ ಕೊಟ್ಟರು. ಮೊದಲ ಹಂತದಲ್ಲಿ ಇದು ನೋವು ಇಳಿಸಲು ಒಳ್ಳೆಯ ಉಪಾಯ, ನೋವು ಇಳಿದರೆ ವ್ಯಾಯಾಮ ಮಾಡಲು ದಾರಿ ಸಿಗುತ್ತದೆ. ಸ್ಟೀರಾಯ್ಡ್ ಅಂದ ಕೂಡಲೇ ಮನೆಯವರಿಗೆಲ್ಲ ಭಯ. ದಿನಾ ನುಂಗುವ ಮಾತ್ರೆಗೂ ಕೀಲಿಗೆ ಹಾಕುವ ಒಂದು ಡೋಸಿಗೂ ಬಹಳ ವ್ಯತ್ಯಾಸ ಇದೆ ಅಂತ ಡಾಕ್ಟರ್ ಕೂತು ವಿವರಿಸಿದರು. ಒಂದು ಎಚ್ಚರ ಮಾತ್ರ ಖಂಡಿತ ಬೇಕು. ಈ ಇಂಜೆಕ್ಷನ್ ಕೆಲವು ದಿನ ಶುಗರ್ ಏರಿಸುತ್ತದೆ. ಹಾಗಾಗಿ ಮೊದಲು ಶುಗರ್ ಮಾತ್ರೆ ಶುರುವಾಗಿ ಸ್ವಲ್ಪ ಹಿಡಿತಕ್ಕೆ ಬರಲಿ ಅಂತ ಕಾದರು, ಆಮೇಲೆ ಹಾಕಿದರು. ಮನೆಯಲ್ಲಿ ಗ್ಲೂಕೋಮೀಟರ್ ತಂದರು. ನಿರೀಕ್ಷೆಯಂತೆ ಶುಗರ್ ಏರಿತು, ಒಂದು ವಾರದೊಳಗೆ ಇಳಿಯಿತು. ಕೈ ಪರೀಕ್ಷೆ ಮಾಡದೆ ಹೋಗಿದ್ದರೆ, ಶುಗರ್ ಇದೆ ಅಂತಲೇ ಗೊತ್ತಿಲ್ಲದ ಒಬ್ಬರಿಗೆ ಈ ಇಂಜೆಕ್ಷನ್ ಬಿದ್ದಿರುತ್ತಿತ್ತು.

ರಾತ್ರಿ ನಿದ್ದೆ ಬಂದದ್ದೇ ಮೊದಲ ಗೆಲುವು. ಅದರ ನಂತರ ವ್ಯಾಯಾಮ.

ಮೊದಲಿಗೆ ಲೋಲಕದಂತೆ ಕೈ ತೂಗುವುದು. ಬಲಗೈಯನ್ನು ಕಟ್ಟೆಗೆ ಊರಿ, ಮುಂದೆ ಬಾಗಿ, ಎಡಗೈ ಇಳಿಬಿಟ್ಟು ಮೈಯ ತೂಗಾಟಕ್ಕೇ ಕೈ ಸಣ್ಣಗೆ ಸುತ್ತುವ ಹಾಗೆ. ಕಾಡ್‌ಮನ್ ಹೆಸರಿನಲ್ಲೇ ಪ್ರಸಿದ್ಧವಾದ ವ್ಯಾಯಾಮ ಇದು. ಆಮೇಲೆ ಊಟದ ಮೇಜಿನ ಮೇಲೆ ಒಂದು ಬಟ್ಟೆ ಇಟ್ಟು ಅದನ್ನು ಮುಂದಕ್ಕೆ ಜಾರಿಸುವುದು. ಮೇಜು ಒರೆಸುವುದು ಹೇಗೂ ಅವರ ದಿನದ ಕೆಲಸ, ಅದನ್ನೇ ಎಡಗೈಯಲ್ಲಿ ನಿಧಾನವಾಗಿ ಮಾಡಿ ಅಂದೆ. ಮೂರನೆಯದು ಕೋಲಿನದು. ಮಲಗಿ, ಎಡ ಮೊಣಕೈ ಪಕ್ಕೆಗೆ ಅಂಟಿಸಿ, ನಡುವೆ ಮಡಚಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು ಬಲಗೈಯಿಂದ ಎಡ ಮುಂಗೈಯನ್ನು ಹೊರಕ್ಕೆ ದೂಡುವುದು. ಹೋಗಿದ್ದು ಹೊರತಿರುಗು ಜಾಸ್ತಿ, ಹಾಗಾಗಿ ನನ್ನ ಮಟ್ಟಿಗೆ ಇದೇ ರಾಜ. ನೋಡಲು ಏನೂ ಇಲ್ಲದಂತೆ ಕಾಣುತ್ತದೆ, ಅದಕ್ಕೇ ಜನ ಇದನ್ನು ಬಿಟ್ಟು ಗೋಡೆ ಮೇಲೆ ಬೆರಳು ಹತ್ತಿಸುವುದನ್ನೇ ಮಾಡುತ್ತಾರೆ. ಗೋಡೆ ಹತ್ತುವಾಗ ಭುಜ ಎತ್ತಿ ಮೋಸ ಮಾಡುವುದು ಸುಲಭ, ಕೋಲಿನಲ್ಲಿ ಮೋಸ ಅಷ್ಟು ಸುಲಭವಲ್ಲ. ಬೆನ್ನ ಹಿಂದೆ ಟವೆಲ್ ಎಳೆಯುವುದನ್ನು ನೋವು ಚೆನ್ನಾಗಿ ಇಳಿದ ಮೇಲಷ್ಟೇ ಸೇರಿಸಿದೆ.

ಅಳತೆ ಸುಲಭ: ವ್ಯಾಯಾಮ ಮಾಡುವಾಗ ಎಳೆತ ಗೊತ್ತಾಗಬೇಕು, ಮುಗಿಸಿದ ಸ್ವಲ್ಪ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿಯಬೇಕು, ರಾತ್ರಿ ನಿದ್ದೆ ಕೆಡಬಾರದು. ಕೆಟ್ಟರೆ ಮರುದಿನ ಕಮ್ಮಿ ಮಾಡಿ. ಬಿಸಿನೀರಿನ ಶಾಖ ವ್ಯಾಯಾಮಕ್ಕೆ ಮುಂಚೆ ಕೊಡಬಹುದು, ಆದರೆ ಶುಗರ್ ಇರುವವರಿಗೆ ಚರ್ಮದ ಸ್ಪರ್ಶ ಮಂಕಾಗಿರಬಹುದು, ಸುಟ್ಟರೂ ಗೊತ್ತಾಗುವುದಿಲ್ಲ. ದಿನವಿಡೀ ಹಂಚಿನ ಮುಂದೆ ಕೂತು ಬಿಸಿ ತಾಳುವ ಕೈಗೆ ಇದನ್ನು ಒತ್ತಿ ಹೇಳಬೇಕಾಯಿತು. ಬಟ್ಟೆಯನ್ನು ಮಗಳು ಮುಟ್ಟಿ ನೋಡಿದ ಮೇಲೇ ಇಡುವುದು ಅಂತ ಆಯಿತು.

ಕೆಲಸ ಬಿಡಿ ಅಂತ ಹೇಳಲಿಲ್ಲ. ಹೇಳಿದರೂ ಬಿಡುತ್ತಿರಲಿಲ್ಲ, ಮನೆ ನಡೆಯುವುದೇ ಅದರಿಂದ. ಬಲಗೈಯಿಂದ ಬಡಿಯುವುದಕ್ಕೆ ಭುಜದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕುವುದರಲ್ಲಿ, ಮೇಲಿನ ಫಳಿಯಿಂದ ಡಬ್ಬಿ ಇಳಿಸುವುದರಲ್ಲಿ, ಪಾತ್ರೆ ಎತ್ತುವುದರಲ್ಲಿ. ಡಬ್ಬಿಗಳು ಕೆಳಗೆ ಬಂದವು. ಒಲೆಯನ್ನು ಎಡಗಡೆಯಿಂದ ನೇರ ಮುಂದಕ್ಕೆ ಸರಿಸಿದರು, ಕೈ ಪಕ್ಕಕ್ಕೆ ಚಾಚುವುದು ತಪ್ಪಿತು. ಹಂಚಿಗೆ ಹಾಕುವ ಕೆಲಸ ಮಗಳದ್ದಾಯಿತು, ಅವಳು ಮೊದಮೊದಲು ಎಷ್ಟು ರೊಟ್ಟಿ ಹರಿದಳೋ.

ಮೂರು ತಿಂಗಳ ಹೊತ್ತಿಗೆ ಕೈ ಮುಂದಿನಿಂದ 130 ಡಿಗ್ರಿಗೆ ಬಂತು, ಹೊರತಿರುಗು 35ಕ್ಕೆ. ನಡುವೆ ಒಮ್ಮೆ ಏನೂ ಮುಂದೆ ಹೋಗದೆ ವಾರಗಟ್ಟಲೆ ನಿಂತಿತ್ತು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಸಮಯ, ಖಾನಾವಳಿಯಲ್ಲಿ ಗಿರಾಕಿ ಕಾಲಿಡಲು ಜಾಗ ಇಲ್ಲ, ಕೋಲು ಮೂಲೆಗೆ ಸೇರಿತ್ತು. ಆಗಲೇ ಮನೆಯವರು ಆಪರೇಷನ್ ಬಗ್ಗೆ ಕೇಳಿದರು. ದಾರಿಗಳಿವೆ: ಅರಿವಳಿಕೆ ಕೊಟ್ಟು ಕೈಯನ್ನು ಸಡಿಲಿಸುವುದು, ಅಥವಾ ಸಣ್ಣ ತೂತಿನಿಂದ ದುರ್ಬೀನು ಹಾಕಿ ಬಿಗಿದ ಚೀಲವನ್ನು ಕತ್ತರಿಸುವುದು. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ಈ ಎರಡನ್ನೂ, ಇಂಜೆಕ್ಷನ್ ಸೇರಿದ ಫಿಸಿಯೋಥೆರಪಿಯನ್ನೂ ಹೋಲಿಸಿದ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಹೊತ್ತಿಗೆ ಮೂರರಲ್ಲಿ ಯಾವುದೂ ಇನ್ನೊಂದಕ್ಕಿಂತ ರೋಗಿಗೆ ಗೊತ್ತಾಗುವಷ್ಟು ಮೇಲು ಅಂತ ಬರಲಿಲ್ಲ. ಹಾಗಂತ ಆಪರೇಷನ್ ಯಾರಿಗೂ ಬೇಡ ಅಂತಲ್ಲ, ತಿಂಗಳುಗಟ್ಟಲೆ ಸರಿಯಾಗಿ ಪ್ರಯತ್ನಿಸಿಯೂ ಕೈ ಬಿಡದವರಿಗೆ ಅದು ಬೇಕಾಗುತ್ತದೆ. ಅಕ್ಕನ ಕೈ ಬಿಡುತ್ತಿತ್ತು. ಜಾತ್ರೆ ಮುಗಿದ ಮೇಲೆ ಕೋಲು ಮತ್ತೆ ಕೈಗೆ ಬಂತು, ಭುಜವೂ ಮುಂದೆ ಹೋಯಿತು.

ವರ್ಷ ದಾಟಿದ ಮೇಲಿನ ಲೆಕ್ಕ ಹೀಗಿದೆ. ಕೈ ಮುಂದಿನಿಂದ 160, ಹೊರತಿರುಗು 55. ತುರುಬು ತಾವೇ ಕಟ್ಟುತ್ತಾರೆ. ಬೆನ್ನ ಹಿಂದೆ ಎಡಗೈ ಇನ್ನೂ ಬಲಗೈಯಷ್ಟು ಮೇಲೆ ಹೋಗುವುದಿಲ್ಲ, ಬಹುಶಃ ಅದು ಅಷ್ಟಕ್ಕೇ ಉಳಿಯಬಹುದು. ಎಚ್‌ಬಿಎ1ಸಿ 7.1. ಬೆರಳುಗಳ ಸಂದು ಮಾತ್ರ ಹೆಚ್ಚೇನೂ ಕಡಿಮೆಯಾಗಿಲ್ಲ. ನಾರುಗಳ ನಡುವೆ ಒಮ್ಮೆ ಬಿದ್ದ ಕೊಂಡಿಗಳು ಶುಗರ್ ಇಳಿದ ಕೂಡಲೇ ಬಿಚ್ಚಿಕೊಳ್ಳುವುದಿಲ್ಲ. ಬಡಿಯುವಾಗ ಬೆರಳಿಗಿಂತ ಅಂಗೈಯ ಬುಡಕ್ಕೆ ಜಾಸ್ತಿ ಕೆಲಸ ಕೊಡುವುದನ್ನು ಅವರೇ ಕಂಡುಕೊಂಡಿದ್ದಾರೆ, ರೊಟ್ಟಿ ಈಗ ಚೂರು ಸಣ್ಣದು, ಆದರೆ ಸಮ. ಗಿರಣಿಯವನ ಜೊತೆ ರಾಜಿ ಆಗಿದೆ. ಮನೆಯಲ್ಲಿ ಉಳಿದವರೂ ಶುಗರ್ ನೋಡಿಸಿದರು, ಅಕ್ಕನ ತಂಗಿಯ ಎಚ್‌ಬಿಎ1ಸಿ ಗಡಿಯ ಹತ್ತಿರ ಇದೆ, 6.1.

ಒಂದು ಭುಜ ಹಿಡಿದವರಿಗೆ ಕೆಲವು ವರ್ಷಗಳಲ್ಲಿ ಇನ್ನೊಂದು ಹಿಡಿಯುವುದುಂಟು, ಹಾಗಾಗಿ ಪ್ರತಿ ಸಲ ಬಂದಾಗ ಬಲಗಡೆಯ ಹೊರತಿರುಗನ್ನೂ ಅಳೆಯುತ್ತೇನೆ. ಮೊದಲು 70 ಇದ್ದದ್ದು ಕಳೆದ ಸಲ 60 ಇತ್ತು, ತುದಿಯಲ್ಲಿ ಚೂರು ನೋವು. ಆರ್ಥೋಪೆಡಿಕ್ ಡಾಕ್ಟರ್ ನೋಡಿದ್ದಾರೆ, ಸದ್ಯ ಇಂಜೆಕ್ಷನ್ ಬೇಡ ಅಂದಿದ್ದಾರೆ. ಕೋಲಿನ ವ್ಯಾಯಾಮ ಬಲಗಡೆಗೂ ಶುರುವಾಗಿದೆ, ಮುಂದಿನ ಅಳತೆ ಯುಗಾದಿ ಮುಗಿದ ಮೇಲೆ.